ಬಟಾಣಿಯ ಹತ್ತು ದಿನದ ಚಾರ್ಟು

"ಕಾಕಾ, ನಿಂದರ್ರಿ! ಕತ್ತರಿ ಹಾಕಬ್ಯಾಡ್ರಿ!"

ಸ್ನೇಹಲ ಕೂಗಿದ ಜೋರಿಗೆ ಲಗಮಪ್ಪನ ಕೈಯಲ್ಲಿದ್ದ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. ದ್ರಾಕ್ಷಿ ತೋಟದಲ್ಲಿ ಬೆಳಗಿನಿಂದ ಚಾಟ್ನಿ ನಡೆದಿತ್ತು. ಅಕ್ಟೋಬರ್ ಬಂತೆಂದರೆ ಬಳ್ಳಿಯ ಹಳೆಯ ಕಡ್ಡಿಗಳನ್ನೆಲ್ಲ ಕತ್ತರಿಸಿ ಕೆಡವುತ್ತಾರೆ. ಅದಕ್ಕೇ ಚಾಟ್ನಿ ಎನ್ನುತ್ತಾರೆ. ಅದಾದ ಮೇಲೆಯೇ ಹೊಸ ಚಿಗುರು, ಹೊಸ ಗೊನೆ.

"ಏನಾತ ಬೇ? ಹಾವ ಕಂಡೇನು?" ಲಗಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಹಾವಲ್ರಿ. ಆ ಎಲಿ ನೋಡ್ರಿ. ಅದು ಎಲಿ ಅಲ್ಲ. ಅದಕ್ಕ ಕಣ್ಣ ಐತಿ!"

ಹೌದು, ಕಣ್ಣಿತ್ತು. ಒಂದಲ್ಲ, ಎರಡು. ಒಂದು ಕಣ್ಣು ಲಗಮಪ್ಪನ ಕಡೆ ನೋಡುತ್ತಿತ್ತು, ಇನ್ನೊಂದು ಸ್ನೇಹಲಳ ಕಡೆ. ಬೆರಳುದ್ದದ ಮೈ, ಚಕ್ಕುಲಿಯಂತೆ ಸುತ್ತಿದ ಬಾಲ. ನಾಲ್ಕೂ ಕಾಲಿನಿಂದ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಗೋಸುಂಬಿ. ಮರಿ ಇರಬೇಕು," ಎಂದ ಲಗಮಪ್ಪ. "ದೂರ ಸರಿ. ಈ ಕಡ್ಡಿ ಎಲ್ಲಾ ಮಶೀನಿಗೆ ಹಾಕಿ ಪುಡಿ ಮಾಡೂದೈತಿ."

"ಅದನ್ನೂ ಪುಡಿ ಮಾಡ್ತೀರೇನ್ರಿ?"

ಸ್ನೇಹಲ ಅವನ ಉತ್ತರಕ್ಕೆ ಕಾಯಲಿಲ್ಲ. ಅವನ ಕೈಯಿಂದಲೇ ಆ ಕಡ್ಡಿಯನ್ನು ಹುಷಾರಾಗಿ ಕೊಯ್ಯಿಸಿಕೊಂಡಳು. ಆರತಿ ತಟ್ಟೆ ಹಿಡಿದವಳಂತೆ ಕಡ್ಡಿಯನ್ನು ಮುಂದೆ ಹಿಡಿದು, ನಲವತ್ತು ಸಾಲು ದಾಟಿ ಮನೆಗೆ ಬಂದಳು.

ಐದನೇ ಇಯತ್ತೆಯ ಸ್ನೇಹಲಳಿಗೆ ಏನಾದರೂ ಒಂದು ಸಾಕಬೇಕೆಂದು ಎರಡು ವರ್ಷದಿಂದ ಆಸೆ. ನಾಯಿ ಎಂದರೆ ಆಯಿ, ಅಂದರೆ ಅಜ್ಜಿ, ಬೇಡ ಎಂದಿದ್ದಳು. ಬೆಕ್ಕು ಎಂದರೆ ಅವ್ವ ಹಾಲಿನ ಪಾತೇಲಿ ತೋರಿಸಿದ್ದಳು. ಮೊಲ ಕೇಳಿದಾಗ ಇಬ್ಬರೂ ಸೇರಿ ನಕ್ಕಿದ್ದರು. ಈಗ ದಸರಾ ರಜೆ, ಕೈಯಲ್ಲೊಂದು ಕಡ್ಡಿ, ಕಡ್ಡಿಯ ಮೇಲೊಂದು ಜೀವ. ಈ ಸಲ ಬಿಡುವ ಮಾತೇ ಇಲ್ಲವೆಂದು ಅವಳು ತೋಟದಲ್ಲೇ ತೀರ್ಮಾನಿಸಿ ಆಗಿತ್ತು.

ಹಾರೂಗೇರಿಯಿಂದ ರಜೆಗೆ ಬಂದಿದ್ದ ದೊಡ್ಡಪ್ಪನ ಮಗ ವಿಕ್ರಾಂತ ಕಟ್ಟೆಯ ಮೇಲೆ ಮೊಬೈಲ್ ನೋಡುತ್ತಾ ಕೂತಿದ್ದ. ಕಡ್ಡಿ ಕಂಡದ್ದೇ ಜಿಗಿದು ಎದ್ದ.

"ಏ ಸ್ನೇಹಲ, ಇದು ಡ್ವಾರ್ಫ್ ಕ್ಯಾಮೆಲಿಯನ್! ನಾ ವಿಡಿಯೋದಾಗ ನೋಡೀನಿ. ಇಷ್ಟ ಸಣ್ಣ ಇರ್ತಾವ, ದೊಡ್ಡವು ಆಗೂದಿಲ್ಲ. ಫಾರಿನ್‌ನಾಗ ಮನ್ಯಾಗ ಸಾಕ್ತಾರ!"

"ಲಗಮಪ್ಪ ಕಾಕಾ ಮರಿ ಅಂದ್ರು, ದಾದಾ."

"ಅವರಿಗೇನ ಗೊತ್ತು? ಅವರ ಮೊಬೈಲ್‌ನಾಗ ನೆಟ್ ಐತೇನು?"

ನೆಟ್ ಇದ್ದವನ ಮಾತನ್ನೇ ಸ್ನೇಹಲ ನಂಬಿದಳು. ಮಾತು ಅವಳಿಗೆ ಬೇಕಾದಂತೆಯೇ ಇತ್ತಲ್ಲ! ಅಲ್ಲೇ ನಿಂತು ಅದಕ್ಕೆ ಬಟಾಣಿ ಎಂದು ಹೆಸರನ್ನೂ ಇಟ್ಟಳು.

ಆಯಿ ಸಕ್ಕುಬಾಯಿ ಮಾತ್ರ ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದಳು. "ಅಯ್ಯ ನಮ್ಮವ್ವ! ಅದು ಉಗುಳಿದ್ರ ಮೈ ತುಂಬ ಗುಳ್ಳಿ ಏಳ್ತಾವ. ಒಯ್ದ ಬಿಟ್ಟ ಬಾ."

"ಅದು ಉಗುಳೂದಿಲ್ಲ ಆಯಿ. ದಾದಾ ವಿಡಿಯೋ ನೋಡ್ಯಾನ."

"ನಾ ಬಿಡೂದಿಲ್ಲ," ಎಂದೂ ಸ್ನೇಹಲ ಸೇರಿಸಿದಳು. ಗಲಾಟೆ ಜೋರಾಯಿತು. ಅಷ್ಟರಲ್ಲಿ ಅಪ್ಪ ಬಾಬಾಸಾಹೇಬ ಊಟಕ್ಕೆಂದು ತೋಟದಿಂದ ಬಂದ.

ಬಾಬಾಸಾಹೇಬ ಯಾವುದಕ್ಕೂ ಗಡಿಬಿಡಿ ಮಾಡುವವನಲ್ಲ. ಕೈಕಾಲು ತೊಳೆದ. ಬಟಾಣಿಯನ್ನು ಒಂದು ಸುತ್ತು ನೋಡಿದ. ಆಮೇಲೆ ಗೋಡೆಯ ಮೊಳೆಗೆ ತೂಗು ಹಾಕಿದ್ದ ಚಾರ್ಟನ್ನು ಕೈಗೆ ತೆಗೆದುಕೊಂಡ.

ಆ ಚಾರ್ಟು ಅವನಿಗೆ ಜೀವ. ಅಥಣಿಯ ಬೆಳೆ ಔಷಧದ ಅಂಗಡಿಯವರು ವರ್ಷಕ್ಕೊಂದು ಕೊಡುತ್ತಾರೆ. ದಿನಕ್ಕೊಂದು ಸಾಲು, ಸಾಲಿಗೆ ಮೂರು ಮನೆ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕೊನೆಯಲ್ಲಿ ಶರಾ, ಅಂದರೆ ಟಿಪ್ಪಣಿ, ಬರೆಯುವ ಜಾಗ. ಬಾಬಾಸಾಹೇಬ ದಿನಕ್ಕೆ ಮೂರು ಸಲ ಬಳ್ಳಿಯ ಎಲೆ ನೋಡಿ ಅದರ ಬಣ್ಣವನ್ನು ಅಲ್ಲಿ ಬರೆಯುತ್ತಿದ್ದ. ಚಾರ್ಟು ನೋಡದೆ ತೋಟಕ್ಕೆ ಒಂದು ಹನಿ ಔಷಧವನ್ನೂ ಹೊಡೆಸುತ್ತಿರಲಿಲ್ಲ.

"ಬಳ್ಳಿಗೆ ಬಾಯಿಲ್ಲ, ಬಾಳಾ," ಎಂದ ಮಗಳಿಗೆ. "ಹೊಟ್ಟಿ ಹಸದ್ರೂ ಹೇಳೂದಿಲ್ಲ, ಜಡ್ಡ ಬಂದ್ರೂ ಹೇಳೂದಿಲ್ಲ. ಎಲಿ ಬಣ್ಣ ನೋಡಿ ನಾವ ತಿಳ್ಕೋಬೇಕು. ನಿನ್ನ ಹುಳಕ್ಕೂ ಬಾಯಿಲ್ಲ."

"ಅದು ಹುಳ ಅಲ್ಲಪ್ಪಾ!"

"ಆತು. ನಿನ್ನ ಬಟಾಣಿಗೂ ಮಾತ ಬರೂದಿಲ್ಲ. ಈಗ ಚಾಟ್ನಿ ಆಗಿ ನಮ್ಮ ಬಳ್ಳಿಗೆ ಎಲಿನ ಇಲ್ಲ, ಚಾರ್ಟ್ ಖಾಲಿ ಐತಿ. ನೀ ತಗೋ. ಹತ್ತ ದಿನ ಅದರ ಬಣ್ಣ ನೋಡಿ ಬರಿ. ಕಂಡದ್ದ ಬರಿ, ಬೇಕಾದ್ದ ಬರೀಬ್ಯಾಡ. ಹತ್ತನೇ ದಿನ ಚಾರ್ಟ್ ನೋಡಿ ಡಿಸೈಡ್ ಮಾಡೂಣು, ಸಾಕೂದೋ ಬಿಡೂದೋ."

"ಸಾಕೂದನ," ಎಂದಳು ಸ್ನೇಹಲ.

"ಚಾರ್ಟ್ ಹೇಳಲಿ," ಎಂದು ಅಪ್ಪ ಊಟಕ್ಕೆ ಕೂತ.

ಸ್ನೇಹಲ ಪೆನ್ಸಿಲ್ ತೆಗೆದುಕೊಂಡು 'ಎಲೆಯ ಬಣ್ಣ' ಎಂದು ಅಚ್ಚಾಗಿದ್ದ ಕಡೆ 'ಎಲೆಯ' ಹೊಡೆದು 'ಬಟಾಣಿಯ' ಎಂದು ಬರೆದಳು.

ಕೆಲಸ ಶುರುವಾಯಿತು. ಮನೆಯ ಹಿಂದೆ ಮಣೂಕದ ಶೆಡ್ಡಿತ್ತು. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ಜಾಗ ಅದು. ಈ ತಿಂಗಳು ಅಲ್ಲಿ ಬರೀ ಗಾಳಿ. ಒಂದು ಮೂಲೆಗೆ ಹಳೆಯ ಶೇಡ್‌ನೆಟ್ ಕಟ್ಟಿ, ಒಳಗೆ ಕರಿಬೇವಿನ ಕುಂಡ ಇಟ್ಟು, ಬಟಾಣಿಯನ್ನು ಅದರ ಮೇಲೆ ಹತ್ತಿಸಿದರು.

ಬಟ್ಟಲಲ್ಲಿ ನೀರಿಟ್ಟರೆ ಬಟಾಣಿ ತಿರುಗಿಯೂ ನೋಡಲಿಲ್ಲ. ಒಂದು ದಿನ ಪೂರ್ತಿ ಕುಡಿಯಲಿಲ್ಲ. ಸ್ನೇಹಲ ಸುಮ್ಮನಿರುತ್ತಾಳೆಯೇ? ತೋಟದ ಹಳೆಯ ಡ್ರಿಪ್ ಪೈಪಿನ ತುಂಡು ತಂದು, ಬಾಟಲಿಗೆ ಸಿಕ್ಕಿಸಿ, ಕರಿಬೇವಿನ ಮೇಲೆ ತೂಗು ಹಾಕಿದಳು. ಹನಿ ಹನಿಯಾಗಿ ನೀರು ಎಲೆಯ ಮೇಲೆ ಬಿತ್ತು. ಬಟಾಣಿ ಎಲೆಯ ತುದಿಯ ಹನಿಯನ್ನು ನೆಕ್ಕಿತು. ಸ್ನೇಹಲ ಸಂತೋಷಕ್ಕೆ ಶೆಡ್ಡಿನಲ್ಲೇ ಕುಣಿದಳು.

ಊಟದ್ದು ಇನ್ನೊಂದು ಪಂಚಾಯಿತಿ. ತೋಟದ ಮಿಡತೆಗಳನ್ನು ತರುವ ಹಾಗಿರಲಿಲ್ಲ, ಅವುಗಳ ಮೈಯಲ್ಲಿ ಔಷಧ ಇರುತ್ತದೆ. ಹಾಗಾಗಿ ಬೆಳಿಗ್ಗೆ ಬೆಳಿಗ್ಗೆ ಹಳ್ಳದ ದಂಡೆಗೆ ಹೋಗಿ, ಹುಲ್ಲಿನಲ್ಲಿ ಮೊಣಕಾಲೂರಿ ಮಿಡತೆ ಹಿಡಿಯುತ್ತಿದ್ದಳು. ರಜೆಯಲ್ಲಿ ಎಂಟಕ್ಕೂ ಏಳದ ಹುಡುಗಿ ಆರಕ್ಕೇ ಎದ್ದು ಹೊರಡುವುದನ್ನು ಕಂಡು ಅವ್ವನಿಗೆ ಆಶ್ಚರ್ಯ. ಕೈಗೆ ಮುಳ್ಳು ಚುಚ್ಚಿದವು, ಎರಡು ಸಲ ಕೆಸರಿನಲ್ಲಿ ಬಿದ್ದಳು. ಆದರೂ ದಿನಕ್ಕೆ ಹತ್ತು ಮಿಡತೆಗೆ ಒಂದೂ ಕಡಿಮೆಯಾಗಲಿಲ್ಲ.

ಚಾರ್ಟು ಮಾತ್ರ ಸ್ವಲ್ಪ ಕಿರಿಕಿರಿ ಮಾಡುತ್ತಿತ್ತು.

ಮೊದಲ ದಿನ ಬರೆದಳು: 'ಕಂದು. ಕಪ್ಪು ಚುಕ್ಕೆ.' ಶರಾ ಜಾಗದಲ್ಲಿ: 'ಹೊಸ ಜಾಗ, ಅದಕ್ಕೆ.'

ಎರಡನೇ ದಿನ ಬೆಳಿಗ್ಗೆ: 'ಕಪ್ಪು.' ಶರಾ: 'ಥಂಡಿ ಇತ್ತು.'

ಅದು ಸುಳ್ಳೇನಲ್ಲ. ಥಂಡಿಗೆ ಇವು ಕಪ್ಪಾಗುತ್ತವೆಂದು ವಿಡಿಯೋದಲ್ಲೂ ಹೇಳಿದ್ದರು. ಆದರೆ ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗಲೂ ಬಟಾಣಿ ಕಪ್ಪೇ. 'ಹಸಿವಾಗಿರಬೇಕು' ಎಂದು ಬರೆದಳು. ಮೂರನೇ ದಿನ ಹೊಟ್ಟೆ ತುಂಬಿದ ಮೇಲೂ ಕಪ್ಪು. 'ನಿದ್ದೆ ಬಂದಿರಬೇಕು.' ನೆಪ ಹುಡುಕುವುದರಲ್ಲಿ ಸ್ನೇಹಲ ಜಾಣೆ, ಹೋಮ್‌ವರ್ಕ್ ಮಾಡದ ದಿನ ಅವಳ ಟೀಚರಿಗೂ ಅದು ಗೊತ್ತು.

ನಾಲ್ಕನೇ ದಿನ ಅವಳು ಬೆರಳು ಹತ್ತಿರ ಒಯ್ದಾಗ ಬಟಾಣಿ ಮೈ ಉಬ್ಬಿಸಿ ಬಾಯಿ ಅಗಲ ತೆರೆಯಿತು. ಸ್ನೇಹಲ ಓಡಿಬಂದು ಬರೆದಳು: 'ನನ್ನನ್ನು ನೋಡಿ ನಕ್ಕಿತು!!' ಎರಡು ಗುರುತು ಹಾಕಿದಳು.

ಏಳನೇ ದಿನ ಹೊಸ ಬಟ್ಟೆ ತರಲು ಎಲ್ಲರೂ ಅಥಣಿಗೆ ಹೋಗುವುದಿತ್ತು. ಮನೆಯಲ್ಲಿ ಉಳಿಯುವವಳು ಆಯಿ ಒಬ್ಬಳೇ.

"ಆಯಿ, ಪ್ಲೀಸ್. ಮಧ್ಯಾಹ್ನ ಒಂದ ಸಲ, ಸಂಜೀಕ ಒಂದ ಸಲ. ಬಣ್ಣ ನೋಡಿ ನೆನಪ ಇಟ್ಕೋ, ನಾ ಬಂದ ಬರ್ಕೋತೀನಿ."

"ನಾ ಅದರ ಹಂತ್ಯಾಕ ಹೋಗಾಕಿ ಅಲ್ಲ."

"ಹಂತ್ಯಾಕ ಬ್ಯಾಡ. ಶೆಡ್ಡಿನ ಬಾಗಲದಾಗಿಂದನ ನೋಡು."

ಸಂಜೆ ಬಸ್ಸಿನಿಂದ ಇಳಿದದ್ದೇ ಹೊಸ ಫ್ರಾಕಿನ ಚೀಲವನ್ನೂ ಬಿಚ್ಚದೆ ಸ್ನೇಹಲ ಆಯಿಯ ಮುಂದೆ ಚಾರ್ಟು ಹಿಡಿದು ಕೂತಳು.

"ಹೇಳು ಆಯಿ. ಮಧ್ಯಾಹ್ನ?"

"ಹಸರ. ಗಿಣಿ ಹಂಗ ಹಸರ."

"ಸಂಜೀಕ?"

"ಆಗೂ ಹಸರ. ಛಲೋ ಕಾಣ್ತಿತ್ತ ನೋಡು, ಸುಳ್ಳ ಯಾಕ ಹೇಳ್ಲಿ."

"ಆಯಿ, ನಿನ್ನ ಕಣ್ಣಿಗೆ ಸರಿ ಕಂಡಿಲ್ಲ. ಅದು ಯಾವಾಗಲೂ ಕಪ್ಪ ಇರ್ತೈತಿ."

ಆಯಿಗೆ ಸಿಟ್ಟು ಬಂತು. "ನನ್ನ ಕಣ್ಣ ಆಪರೇಶನ್ ಆಗಿ ಮೂರ ತಿಂಗಳಾತು. ಈಗ ಸೂಜಿಗೆ ದಾರ ನಾನ ಹಾಕ್ತೀನಿ. ಕಪ್ಪ ಯಾವುದು ಹಸರ ಯಾವುದು ನನಗ ಕಲಸಾಕ ಬಂದೀಯೇನು?"

ಸ್ನೇಹಲ ಎರಡೂ ಮನೆಯಲ್ಲಿ 'ಹಸಿರು' ಎಂದು ಬರೆದು ಶೆಡ್ಡಿಗೆ ಓಡಿದಳು. ಕುಂಡದ ಮೇಲೆ ಬಟಾಣಿ ಕೂತಿತ್ತು. ಅಚ್ಚ ಕಪ್ಪು. ಆಯಿಗೆ ಕಂಡ ಹಸಿರು ತನಗೇಕೆ ಕಾಣುತ್ತಿಲ್ಲ? ಅವಳಿಗೆ ಅಳು ಬಂದಂತಾಯಿತು, ಏಕೆಂದು ಅವಳಿಗೇ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಶೆಡ್ಡಿನ ಒಳಗೆ ಹೋಗಲಿಲ್ಲ. ಹಿಂಭಾಗಕ್ಕೆ ಬಂದು, ಖಾಲಿ ಕ್ರೇಟ್ ಬೋರಲು ಹಾಕಿ ಕೂತಳು. ಅಲ್ಲಿ ನೆಟ್ಟಿಗೊಂದು ತೂತಿತ್ತು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೂತಿಗೆ ಹಚ್ಚಿದಳು.

ಸೊಳ್ಳೆ ಕಚ್ಚಿದವು. ಅವಳು ಕೈ ಎತ್ತಲಿಲ್ಲ. ಬೆನ್ನ ಮೇಲೆ ಬೆವರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನೋಡಿಯೇ ತೀರುತ್ತೇನೆಂದು ಕೂತವಳು ಕೂತೇ ಇದ್ದಳು.

ನೋಡುತ್ತ ನೋಡುತ್ತ ಬಟಾಣಿಯ ಎದುರಿಗಿನ ನೊಣ ಒಂದೇ ಕ್ಷಣದಲ್ಲಿ ಮಾಯವಾಯಿತು. ಪಟ್ಟೆಂದು ನಾಲಿಗೆ ಹೊರಬಂದು ಒಳಗೆ ಹೋಗಿತ್ತು. ಆಮೇಲೆ ಬಟಾಣಿ ಮುಂದಕ್ಕೊಂದು, ಹಿಂದಕ್ಕೊಂದು ತೂಗಾಡುತ್ತ ಟೊಂಗೆಯ ಮೇಲೆ ನಡೆಯಿತು. ಅದರ ಮೈ ಗಿಣಿಹಸಿರಾಗಿತ್ತು. ಅಂಚಿನಲ್ಲಿ ತೆಳುವಾದ ಹಳದಿ. ಎಷ್ಟು ಚೆಂದ ಇತ್ತೆಂದರೆ, ಸ್ನೇಹಲ ತಡೆಯಲಾರದೆ "ಬಟಾಣೀ!" ಎಂದು ಎದ್ದು ನಿಂತಳು.

ಒಂದು ಕಣ್ಣು ಗಿರ್ರೆಂದು ಅವಳ ಕಡೆ ತಿರುಗಿತು. ಹಸಿರಿನ ಮೇಲೆ ಕಪ್ಪು ಚುಕ್ಕೆ ಎದ್ದವು. ಚುಕ್ಕೆಗಳು ಕೂಡಿಕೊಂಡವು. ಮೈ ಉಬ್ಬಿತು, ಬಾಯಿ ಅಗಲವಾಗಿ ತೆರೆಯಿತು. ಅದು ನಗುವಾಗಿರಲಿಲ್ಲ. ಒಮ್ಮೆ ಗೂಳಿ ಅಟ್ಟಿಸಿಕೊಂಡು ಬಂದಾಗ ತನ್ನ ಬಾಯಿಯೂ ಹೀಗೇ ತೆರೆದುಕೊಂಡಿತ್ತು ಎಂದು ಅವಳಿಗೆ ಅನ್ನಿಸಿತು.

ಹಾಗೆಂದು ಒಂದೇ ಸಲಕ್ಕೆ ಸೋಲುವವಳಲ್ಲ ಸ್ನೇಹಲ. ಅವ್ವನ ಹಸಿರು ಓಢಣಿ ಹೊದ್ದು ಹೋದಳು. ಕಪ್ಪು. ಮೊಣಕಾಲ ಮೇಲೆ ತೆವಳಿಕೊಂಡು ಹೋದಳು. ಕಪ್ಪು. ಎಲ್ಲಕ್ಕಿಂತ ದೊಡ್ಡ ಮಿಡತೆಯನ್ನು ಅಂಗೈ ಮೇಲಿಟ್ಟು ನಿಂತಳು. ಮಿಡತೆ ಹಾರಿಹೋಯಿತು, ಬಟಾಣಿ ಕಪ್ಪಗೇ ಉಳಿಯಿತು.

ಒಂಬತ್ತನೇ ದಿನ ವಿಕ್ರಾಂತನನ್ನು ಒಳಗೆ ಕಳಿಸಿ ತಾನು ತೂತಿನಿಂದ ನೋಡಿದಳು. ಅವನಿಗೂ ಕಪ್ಪು. 'ಸದ್ಯ, ನನ್ನೊಬ್ಬಳ ಮೇಲೇ ಸಿಟ್ಟಲ್ಲ' ಎಂದು ಒಂದು ಕ್ಷಣ ಹಗುರವೆನಿಸಿತು. ಮರುಕ್ಷಣ ಹಗುರವೆಲ್ಲ ಹೋಯಿತು. ಅಂದರೆ ಮನುಷ್ಯರು ಯಾರು ಹೋದರೂ ಹೆದರುತ್ತದೆ! ಓಣಿಯ ಹುಡುಗಿಯರನ್ನೆಲ್ಲ ಕರೆದು ತೋರಿಸಬೇಕೆಂದು ಅವಳು ಯೋಚಿಸಿದ್ದಳು.

ಹತ್ತನೇ ದಿನ ಸಂಜೆ. ಚಾರ್ಟಿನಲ್ಲಿ ಒಂದೇ ಮನೆ ಖಾಲಿ ಇತ್ತು.

ಸ್ನೇಹಲ ಆಗಷ್ಟೇ ಶೆಡ್ಡಿನಿಂದ ಬಂದಿದ್ದಳು. ಅಪ್ಪ ತೋಟದಲ್ಲಿದ್ದ. ಶೆಡ್ಡಿನಲ್ಲಿ ಏನು ಕಂಡಿತು ಎಂಬುದು ಅವಳೊಬ್ಬಳಿಗೇ ಗೊತ್ತು. ಪೆನ್ಸಿಲ್ ತೆಗೆದುಕೊಂಡು 'ಹಸಿರು' ಎಂದು ಬರೆದಳು. ಮೂರೇ ಅಕ್ಷರ. ಏಳನೇ ದಿನದ್ದು ಹಸಿರು, ಹತ್ತನೇ ದಿನದ್ದೂ ಹಸಿರು. ಈಗೀಗ ರೂಢಿಯಾಗುತ್ತಿದೆ ಎಂದರೆ ಅಪ್ಪ ಒಪ್ಪುತ್ತಾನೆ. ಬಟಾಣಿ ಇಲ್ಲೇ ಉಳಿಯುತ್ತದೆ.

ಅವಳು ಆ ಮೂರು ಅಕ್ಷರ ನೋಡುತ್ತ ಕೂತಳು. ಬಟಾಣಿಗೆ ಬಾಯಿಲ್ಲ. ಹೇಳಬೇಕಾದ್ದನ್ನು ಅದು ಮೈ ತುಂಬ ಬರೆದುಕೊಂಡು ಕೂತಿದೆ, ದಿನಕ್ಕೆ ಮೂರು ಸಲ, ಹತ್ತು ದಿನ. ಓದುವವಳು ತಾನೊಬ್ಬಳೇ. ತಾನೇ ಬೇರೆ ಬರೆದರೆ ಅದು ಇನ್ಯಾರಿಗೆ ಹೇಳಬೇಕು?

ರಬ್ಬರ್ ತೆಗೆದುಕೊಂಡು ಉಜ್ಜಿದಳು. ಕಾಗದ ಹರಿಯುವಷ್ಟು ತೆಳ್ಳಗಾಯಿತು. 'ಕಪ್ಪು' ಎಂದು ಬರೆದಳು. ಕಣ್ಣೀರು ಒರೆಸಿಕೊಂಡು ಮೊದಲ ಸಾಲಿಗೆ ಹೋದಳು. ಥಂಡಿ, ಹಸಿವು, ನಿದ್ದೆ ಎಲ್ಲವನ್ನೂ ಹೊಡೆದು ಹಾಕಿ, ಪ್ರತಿ ಕಪ್ಪಿನ ಮುಂದೆ 'ನಾನು ಇದ್ದೆ' ಎಂದು ಬರೆದಳು. ಎರಡು ಹಸಿರಿನ ಮುಂದೆ 'ನಾನು ಇರಲಿಲ್ಲ.' 'ನಕ್ಕಿತು' ಎಂಬುದನ್ನು ಹೊಡೆಯುವಾಗ ಮಾತ್ರ ಪೆನ್ಸಿಲ್ ಸ್ವಲ್ಪ ನಿಂತಿತು.

ಅಪ್ಪ ಬಂದು ಚಾರ್ಟು ನೋಡಿದ. ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ. ಮಗಳ ಕಡೆ ತಿರುಗಿದ.

"ನೀ ಏನಂತಿ?"

"ಸಾಕೂದಿಲ್ಲ," ಎಂದಳು ಸ್ನೇಹಲ. ಮೊದಲ ದಿನ 'ಸಾಕೂದನ' ಎಂದಿದ್ದಕ್ಕಿಂತ ದನಿ ಗಟ್ಟಿ ಇತ್ತು.

"ಏ, ಹುಚ್ಚಿ!" ವಿಕ್ರಾಂತನಿಗೆ ತಡೆಯಲಾಗಲಿಲ್ಲ. "ಡ್ವಾರ್ಫ್ ಕ್ಯಾಮೆಲಿಯನ್ ಮತ್ತ ಎಲ್ಲಿ ಸಿಗ್ತೈತಿ ನಿನಗ?"

"ಅದು ಡ್ವಾರ್ಫ್ ಅಲ್ಲೋ," ಎಂದ ಅಪ್ಪ. "ನಿನ್ನೆ ಇವರ ಸಾಲಿ ನೀಲಮ ಟೀಚರ್ ಭೆಟ್ಟಿ ಆಗಿದ್ರು, ಕೇಳ್ದೆ. ಅಂಥಾವು ನಮ್ಮ ಕಡೆ ಇರೂದಿಲ್ಲಂತ. ಇದು ನಮ್ಮ ಗೋಸುಂಬಿ ಮರಿನ, ದೊಡ್ಡದಾದ್ರ ಮೊಳದ ಹತ್ರ ಹತ್ರ ಬೆಳೀತೈತಂತ. ಮತ್ತ ಕಾಯ್ದೆ ಪ್ರಕಾರ ಇದನ್ನ ಹಿಡದ ಸಾಕೂದ ತಪ್ಪಂತ."

ಸ್ನೇಹಲ ಸಿಟ್ಟಿನಿಂದ ಅಪ್ಪನನ್ನು ನೋಡಿದಳು. "ನಿನ್ನೆನ ಗೊತ್ತಿತ್ತ ಅಂದ್ರ ನಿನ್ನೆನ ಯಾಕ ಹೇಳಲಿಲ್ಲ?"

"ಚಾರ್ಟಿನಾಗ ಇನ್ನೂ ಒಂದ ದಿನ ಉಳಿದಿತ್ತಲ್ಲ, ಬಾಳಾ."

ಮರುದಿನ ಬಿಸಿಲೇರಿದ ಮೇಲೆ ಕರಿಬೇವಿನ ಕುಂಡವನ್ನೇ ಎತ್ತಿಕೊಂಡು ಹಳ್ಳದ ಕಡೆ ಹೊರಟರು. ತೋಟದಲ್ಲಿ ಬಿಡುವಂತಿರಲಿಲ್ಲ. ಹಳ್ಳದ ಆಚೆ ದಂಡೆಯಲ್ಲಿ ಬೋರೆಹಣ್ಣಿನ ಬಾರಿಗಿಡಗಳಿದ್ದವು, ಅಲ್ಲಿಗೆ ಯಾರ ಔಷಧವೂ ಬರುವುದಿಲ್ಲ. ಅಪ್ಪ ಕುಂಡ ಹೊತ್ತಿದ್ದ. ಆಯಿಯೂ ಬಂದಳು, ಆದರೆ ಇಪ್ಪತ್ತು ಮಾರು ಹಿಂದೆ.

ಸ್ನೇಹಲ ಕರಿಬೇವಿನ ಟೊಂಗೆಯನ್ನು ಬಾರಿಗಿಡದ ಟೊಂಗೆಗೆ ತಾಗಿಸಿ ಹಿಡಿದಳು. ಬಟಾಣಿ ಕಪ್ಪಗಾಗಿ, ಬಾಯಿ ತೆರೆದು, ಬಹಳ ಹೊತ್ತು ಅಲ್ಲಾಡದೆ ಕೂತಿತು. ಆಮೇಲೆ ಒಂದು ಕಾಲು ಚಾಚಿತು. ಇನ್ನೊಂದು. ಬಾಲ ಬಿಚ್ಚಿ, ಮತ್ತೆ ಸುತ್ತಿ, ಬಾರಿಗಿಡಕ್ಕೆ ದಾಟಿತು.

ಅಪ್ಪ ಕುಂಡ ಎತ್ತಿಕೊಂಡು ಹಿಂದೆ ಸರಿದ. ವಿಕ್ರಾಂತ ಮೊಬೈಲ್ ಹಿಡಿದು ಮುಂದೆ ಬಂದ. "ಲಾಸ್ಟ್ ವಿಡಿಯೋ, ಕ್ಲೋಸಪ್ ತಗೋತೀನಿ."

ಸ್ನೇಹಲ ಕೈ ಅಡ್ಡ ಹಿಡಿದಳು. "ಬ್ಯಾಡ, ದಾದಾ. ಹಿಂದಕ್ಕ ಬಾ."

ಅವಳು ಬಟಾಣಿಯ ಮೇಲಿಂದ ಕಣ್ಣು ತೆಗೆಯದೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಕಪ್ಪು. ಮೂರು ಹೆಜ್ಜೆ. ಕಪ್ಪು. ಆರು ಹೆಜ್ಜೆಗೆ ಬಾಯಿ ಮುಚ್ಚಿತು. ಒಂಬತ್ತಕ್ಕೆ ಉಬ್ಬಿದ ಮೈ ಇಳಿಯಿತು. ಹತ್ತರಲ್ಲಿ ನಿಂತು ಕಾದಳು, ಏನೂ ಆಗಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಲ್ಕನೇ ಹೆಜ್ಜೆಯಲ್ಲಿ ನಿಂತು ಮತ್ತೆ ಕಾದಳು. ಕಪ್ಪು ಚುಕ್ಕೆಗಳು ಒಂದೊಂದಾಗಿ ತೆಳ್ಳಗಾದವು, ಅಂಚಿನಲ್ಲಿ ಹಳದಿ ಮೂಡಿತು.

"ಈಗ ಹೋಗಿ ನೋಡೂಣೇನು?" ವಿಕ್ರಾಂತ ಪಿಸುಗುಟ್ಟಿದ.

"ಇಲ್ಲಿಂದನ," ಎಂದಳು ಸ್ನೇಹಲ.

ಹದಿನಾಲ್ಕನೇ ಹೆಜ್ಜೆ ಇಟ್ಟ ಕಡೆಯೇ ಹುಲ್ಲಿನ ಮೇಲೆ ಕೂತಳು. ಅಷ್ಟು ದೂರಕ್ಕೆ ಬಟಾಣಿ ಒಂದು ಸಣ್ಣ ಎಲೆಯಷ್ಟೇ ಕಾಣುತ್ತಿತ್ತು. ಹಸಿರಾಗಿ ಕಾಣುತ್ತಿತ್ತು.